ಬೀದರಿನ ಚಳಿಗೆ ಲಡಾಖಿನ ಔಷಧವೇಕೆ?

ಚಳಿ ಬಿದ್ದರೆ ಸಾಕು, ಬೀದರ್ ಕಡೆಯ ರೈತರಿಗೆ ‘ಡೀಸೆಲ್ ಗಟ್ಟಿಯಾಗುತ್ತೆ, ಇದನ್ನು ಹಾಕಿ’ ಎಂದು ಪುಟ್ಟ ಬಾಟಲಿ ದಾಟಿಸುವವರನ್ನು ನಾವು ನೋಡುತ್ತಲೇ ಇದ್ದೇವೆ. ಕಡುಚಳಿಗೆ ಡೀಸೆಲ್‌ನಲ್ಲಿರುವ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುವುದು ನಿಜ. ಆದರೆ ಅದು ಲಡಾಖಿನ ಸಂಕಟ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ ತಂದಿತು. ನಮ್ಮ ಬಂಕಿನ ಡೀಸೆಲ್‌ಗೂ ಚಳಿಗಾಲಕ್ಕೆ ಬಿಗಿಯಾದ ಮಾನದಂಡವಿದೆ. ಬೆಳಿಗ್ಗೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ಮೊದಲು ಬ್ಯಾಟರಿ ನೋಡಿ, ಫಿಲ್ಟರ್‌ನಲ್ಲಿ ನಿಂತ ನೀರು ತೆಗೆಯಿರಿ. ಸೀಮೆಎಣ್ಣೆ ಬೆರೆಸುವ ಸಲಹೆಯಂತೂ ಇನ್ನೂ ಕೆಟ್ಟದ್ದು. ಜಿಡ್ಡು ಕಡಿಮೆಯಾಗಿ ಪಂಪ್ ಸವೆಯುತ್ತದೆ. ಹೆದರಿಸಿ ಮಾರುವವರಿಗೆ ನಮ್ಮದು ಒಂದೇ ಸವಾಲು: ಎಷ್ಟು ಡಿಗ್ರಿ ಚಳಿಗೆ ಇದು ಬೇಕೆಂದು ಬಾಟಲಿಯ ಮೇಲೆ ಕನ್ನಡದಲ್ಲಿ ಬರೆಯಿರಿ. ಕೊಳ್ಳಬೇಕೋ ಬೇಡವೋ, ರೈತರೇ ತೀರ್ಮಾನಿಸಲಿ.