ಸೈರಣೆಯೂ ಬಾಡಿಗೆಯ ಕೋಣೆಯೂ

ಕೊಪ್ಪಳದ ಗುಡ್ಡಗಳಲ್ಲಿ ಅಶೋಕನ ಶಾಸನವಿದೆ, ಜೈನಮುನಿ ಜಟಾಸಿಂಹನಂದಿಯ ಪಾದಗಳಿವೆ, ಗವಿಸಿದ್ಧೇಶ್ವರನ ಗದ್ದುಗೆಯಿದೆ. ಇದೇ ಕೊಪಣವನ್ನು ತಿರುಳ್ಗನ್ನಡದ ನಾಡಿನಲ್ಲಿ ಎಣಿಸಿದ 9ನೆಯ ಶತಮಾನದ ‘ಕವಿರಾಜಮಾರ್ಗ’ವು ಪರಧರ್ಮವನ್ನು ಸೈರಿಸುವುದನ್ನೇ ಬಂಗಾರವೆಂದು ಬಗೆಯಿತು. ತರಗತಿಯಲ್ಲಿ ಇದನ್ನು ವರ್ಷಕ್ಕೊಮ್ಮೆ ಹೆಮ್ಮೆಯಿಂದ ಹೇಳುತ್ತೇನೆ.

ಕಳೆದ ವರ್ಷ ಪಾಠ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬ ಬಂದು, ಕೋಣೆಯೊಂದನ್ನು ಕೊಡಿಸಬೇಕೆಂದು ಕೇಳಿದ. ನಮ್ಮ ಓಣಿಯಲ್ಲಿಯೇ ‘ಬಾಡಿಗೆಗೆ ಇದೆ’ ಎಂಬ ಹಲಗೆಯೊಂದು ತೂಗುತ್ತಿತ್ತು, ಕರೆದೊಯ್ದೆ. ಹುಡುಗನ ಹೆಸರು ಕೇಳಿದೊಡನೆ, ಕೋಣೆ ನಿನ್ನೆಯೇ ಹೋಯಿತೆಂದರು. ಹಲಗೆ ಮಾತ್ರ ಮತ್ತೊಂದು ತಿಂಗಳು ತೂಗಿತು.

ಮೊಹರಮ್ಮಿನಲ್ಲಿ ಎಲ್ಲರೂ ಅಲಾಯಿ ಕುಣಿಯುವ ಸೀಮೆಯಿದು. ಹಬ್ಬದ ಆ ಔದಾರ್ಯಕ್ಕೆ ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ಎಡೆಯಿಲ್ಲವೆ?

ನಾನಾದರೂ ಅಂದು ಮನೆಯೊಡೆಯರನ್ನು ಏನೂ ಕೇಳಲಿಲ್ಲ, ನೆರೆಯವರೆಂಬ ದಾಕ್ಷಿಣ್ಯ. ನಾಳೆ ಆ ಪದ್ಯವನ್ನು ಮತ್ತೆ ಪಾಠ ಮಾಡಬೇಕಾಗಿದೆ.