ಚಾಮುಂಡಿ ಬೆಟ್ಟದ ಕಾಲುದಾರಿ

ಮೈಸೂರಿನಲ್ಲಿ ವಾಸಿಸುವವರಿಗೆ ಚಾಮುಂಡಿ ಬೆಟ್ಟವು ಒಂದು ಬಗೆಯ ಹವಾಮಾನ ಸೂಚಕವೇ ಆಗಿದೆ. ಅದರ ನೆತ್ತಿಗೆ ಮೋಡ ಕವಿದುದನ್ನು ಕಂಡರೆ ನಾವು ಕೊಡೆಯನ್ನು ಹುಡುಕುತ್ತೇವೆ. ಗೋಪುರವು ನಿಚ್ಚಳವಾಗಿ ತೋರಿದರೆ ಬಟ್ಟೆಯನ್ನು ಬಿಸಿಲಿಗೆ ಹರವುತ್ತೇವೆ. ಆದರೆ ದಿನವೂ ಕಣ್ಣಿಗೆ ಬೀಳುವ ವಸ್ತುವನ್ನು ನಾವು ನಿಜವಾಗಿ ನೋಡುವುದು ಬಹಳ ಕಡಿಮೆ. ಬೆಟ್ಟವನ್ನು ನೋಡಬೇಕಾದರೆ ಅದನ್ನು ಕಾಲಿನಿಂದ ಹತ್ತಬೇಕು ಎಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಭಕ್ತಿಯ ಆಧಾರವಿರುವಂತೆಯೇ ವಿಜ್ಞಾನದ ಆಧಾರವೂ ಉಂಟು. ಅದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮಳೆಗಾಲ ಮುಗಿಯುತ್ತ ಬಂದ ಒಂದು ಮುಂಜಾನೆ ನಾವು ಮೆಟ್ಟಿಲ ಹಾದಿಯನ್ನು ಹಿಡಿದು ಹೊರಟೆವು. ಸಾವಿರವನ್ನು ಮೀರುವ ಈ ಕಲ್ಲು ಮೆಟ್ಟಿಲುಗಳು 17ನೆಯ ಶತಮಾನದಲ್ಲಿ, ದೊಡ್ಡದೇವರಾಜ ಒಡೆಯರ ಆಳಿಕೆಯಲ್ಲಿ ಆದವು. ನಮ್ಮ ಮುಂದೆ ಒಬ್ಬ ವೃದ್ಧೆಯು ಹರಕೆ ಹೊತ್ತು ಪ್ರತಿಯೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮಗಳನ್ನು ಹಚ್ಚುತ್ತ ನಿಧಾನವಾಗಿ ಏರುತ್ತಿದ್ದರು. ನಾವು ಏದುಸಿರು ಬಿಡುತ್ತ ನಿಂತುದನ್ನು ಕಂಡು ಅವರು, “ಅವಸರ ಯಾಕೆ ಸ್ವಾಮಿ? ಬೆಟ್ಟ ಎಲ್ಲಿಗೂ ಹೋಗೋದಿಲ್ಲ” ಎಂದರು. ಆ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ಮುಂದೆ ವಿಚಾರಿಸೋಣ.

ಮೊದಲು ಏದುಸಿರಿನ ಲೆಕ್ಕ. ಬೆಟ್ಟದ ನೆತ್ತಿಯು ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದೆ. ಮೈಸೂರು ನಗರವು ಸುಮಾರು 770 ಮೀಟರ್ ಎತ್ತರದಲ್ಲಿದೆ. ಎಂದರೆ ಬೆಟ್ಟ ಹತ್ತುವವನು ತನ್ನ ಮೈಯನ್ನು ಹೆಚ್ಚು ಕಡಿಮೆ 300 ಮೀಟರ್ ಮೇಲೆತ್ತುತ್ತಾನೆ. 60 ಕಿಲೋಗ್ರಾಂ ತೂಕದ ಮನುಷ್ಯನಿಗೆ ಈ ಕೆಲಸದ ಬೆಲೆ ಸುಮಾರು 42 ಕಿಲೋಕ್ಯಾಲೊರಿ. ಆದರೆ ನಮ್ಮ ಸ್ನಾಯುಗಳು ತಾವು ಪಡೆದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸಬಲ್ಲವು. ಉಳಿದ ಮುಕ್ಕಾಲು ಭಾಗವು ಶಾಖವಾಗಿ ಬೆವರನ್ನು ತರಿಸುತ್ತದೆ. ಆದಕಾರಣ ನಿಜವಾದ ವೆಚ್ಚ ಸುಮಾರು 170 ಕಿಲೋಕ್ಯಾಲೊರಿ. ಇದನ್ನು ತುಂಬಲು 50 ಗ್ರಾಂ ರಾಗಿಹಿಟ್ಟು ಸಾಕು. ಒಂದು ಪುಟ್ಟ ಮುದ್ದೆಯು ಮನುಷ್ಯನನ್ನು ದೇವಿಯ ಬಾಗಿಲಿಗೆ ಮುಟ್ಟಿಸುತ್ತದೆಯೆಂದಾಯಿತು. ಇದಕ್ಕಿಂತ ಅಗ್ಗವಾದ ವಾಹನ ಎಲ್ಲಿದೆ?

ಇನ್ನು ಕಾಲಡಿಯ ಕಲ್ಲನ್ನು ನೋಡೋಣ. ಮೈಸೂರಿನ ಸುತ್ತಣ ನೆಲದ ಬಹುಭಾಗವು ನೈಸ್ ಎಂಬ ಅತಿ ಪುರಾತನ ಶಿಲೆಯಿಂದಾದುದು. ಅದರ ವಯಸ್ಸನ್ನು ನೂರಾರು ಕೋಟಿ ವರ್ಷಗಳಲ್ಲಿ ಎಣಿಸಬೇಕು. ಚಾಮುಂಡಿ ಬೆಟ್ಟದ ಗ್ರಾನೈಟು ಅದಕ್ಕೆ ಹೋಲಿಸಿದರೆ ಎಳೆಯದು: ಸುಮಾರು 80 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲಾದ್ರವವು ಹಳೆಯ ಶಿಲೆಯೊಳಗೆ ನುಗ್ಗಿ, ನೆಲದಾಳದಲ್ಲಿಯೇ ಮೆಲ್ಲಗೆ ತಣಿದು ಗಟ್ಟಿಯಾಯಿತು. ಮೇಲಿನ ಮೆತ್ತನೆಯ ಹೊದಿಕೆ ಸವೆದುಹೋದಂತೆ ಈ ಗಟ್ಟಿ ಕಲ್ಲು ಹೊರಗೆ ತೋರಿ ಬೆಟ್ಟವಾಗಿ ನಿಂತಿತು. ಬೆಟ್ಟವು ಮೇಲಕ್ಕೆ ಬೆಳೆಯಿತೆನ್ನುವುದಕ್ಕಿಂತ ಸುತ್ತಣ ನೆಲವು ತಗ್ಗಿತೆನ್ನುವುದೇ ಸರಿ. ಬಿರುಕುಗಳು ದೂರ ದೂರವಿರುವ ಗ್ರಾನೈಟಿನಲ್ಲಿ ದೊಡ್ಡ ದೊಡ್ಡ ಇಡಿ ಬಂಡೆಗಳು ಉಳಿಯುತ್ತವೆ. ದಾರಿಯ ಮೂರರಲ್ಲೆರಡು ಭಾಗ ಕಳೆದ ಮೇಲೆ ಎದುರಾಗುವ, ಸುಮಾರು 16 ಅಡಿ ಎತ್ತರದ ಏಕಶಿಲಾ ನಂದಿಯನ್ನು ಕಡೆಯುವುದಕ್ಕೆ ಇಂತಹ ಕಲ್ಲೇ ಬೇಕು. ಶಿಲ್ಪಿಯ ಕೈಚಳಕಕ್ಕೆ ಭೂಮಿಯ ಈ ದೀರ್ಘ ಸಿದ್ಧತೆಯೂ ನೆರವಾಯಿತೆಂಬುದನ್ನು ಮರೆಯಲಾಗದು.

ಆದರೆ ಕಲ್ಲು ಶಾಶ್ವತವಲ್ಲ. ಹಗಲಿನ ಬಿಸಿಲು, ಇರುಳಿನ ತಂಪು, ಬಿರುಕಿಗಿಳಿದ ನೀರು, ಬೇರು ಇವೆಲ್ಲ ಸೇರಿ ಗ್ರಾನೈಟನ್ನು ಸಡಿಲಿಸುತ್ತವೆ. ಅದರಲ್ಲಿರುವ ಫೆಲ್ಡ್‌ಸ್ಪಾರ್ ಕಾಲಕ್ರಮದಲ್ಲಿ ಜೇಡಿಯಾಗಿ ಮಾರ್ಪಡುತ್ತದೆ. ಬೆಣಚು ಮರಳಾಗಿ ಉದುರುತ್ತದೆ. ಹೀಗೆ ಆದ ತೆಳ್ಳನೆಯ ಮಣ್ಣು ಕಡಿದಾದ ಇಳಿಜಾರಿನ ಮೇಲೆ ನಿಂತಿರುವುದು ಹುಲ್ಲು ಮತ್ತು ಗಿಡಮರಗಳ ಬೇರಿನ ಹಿಡಿತದಿಂದ. ರಸ್ತೆಗಾಗಿ ಇಳಿಜಾರಿನ ಬುಡವನ್ನು ಕತ್ತರಿಸಿ, ಮಳೆಯ ನೀರಿಗೆ ದಾರಿ ಮಾಡದೆ ಬಿಟ್ಟರೆ ನೆನೆದ ಮಣ್ಣು ತನ್ನ ಭಾರಕ್ಕೆ ತಾನೇ ಜಾರುತ್ತದೆ. 2021ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳ ಭಾರಿ ಮಳೆಯಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆ ಮತ್ತೆ ಮತ್ತೆ ಕುಸಿದುದನ್ನು ಮೈಸೂರಿನವರು ಕಣ್ಣಾರೆ ಕಂಡಿದ್ದಾರೆ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲವೆಂದ ಆ ವೃದ್ಧೆಯ ಮಾತಿಗೆ ಇಲ್ಲಿ ಒಂದು ತಿದ್ದುಪಡಿ ಅವಶ್ಯ: ನಾವು ಬಿಟ್ಟರೆ ಹೋಗುವುದಿಲ್ಲ, ಕೆಣಕಿದರೆ ಹೋಗುತ್ತದೆ.

ಮೆಟ್ಟಿಲ ಸಾಲಿನಿಂದ ಪಕ್ಕಕ್ಕೆ ಸರಿಯುವ ಒಂದು ಹಳೆಯ ಕಾಲುದಾರಿಯಲ್ಲಿ ನಾವು ಕೆಲವು ಮಾರು ನಡೆದು ಹಿಂತಿರುಗಬೇಕಾಯಿತು. ಲಂಟಾನದ ಪೊದೆಗಳು ಎರಡು ಪಕ್ಕದಿಂದಲೂ ಬಾಗಿ ದಾರಿಯನ್ನು ಮುಚ್ಚಿಬಿಟ್ಟಿದ್ದವು. ದೂರದಿಂದ ನೋಡುವವರಿಗೆ ಇದು ಸಮೃದ್ಧವಾದ ಕಾಡಿನಂತೆ ತೋರುತ್ತದೆ. ಆದರೆ ಹಸಿರೆಲ್ಲ ಕಾಡಲ್ಲ. ಅಮೆರಿಕದ ಉಷ್ಣ ಪ್ರದೇಶದಿಂದ 19ನೆಯ ಶತಮಾನದ ಮೊದಲಲ್ಲಿ ಅಲಂಕಾರಕ್ಕೆಂದು ನಮ್ಮ ದೇಶಕ್ಕೆ ಬಂದ ಈ ಗಿಡವು ಬೆಟ್ಟದ ಸಹಜ ನಿವಾಸಿಗಳಾದ ತಂಗಡಿ, ಬಂದರೆ, ಶ್ರೀಗಂಧ ಮೊದಲಾದುವುಗಳ ಸಸಿಗಳಿಗೆ ಬೆಳಕು ಸಿಗದಂತೆ ಮಾಡುತ್ತದೆ. ದನಕರುಗಳು ಇದನ್ನು ಸಾಮಾನ್ಯವಾಗಿ ಮೇಯುವುದಿಲ್ಲ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಡೆಯೂ ಬಿತ್ತುತ್ತವೆ. ಬೇಸಗೆಯಲ್ಲಿ ಒಣಗಿದ ಪೊದೆಯು ಕಾಳ್ಗಿಚ್ಚಿಗೆ ಸೌದೆಯಾಗುತ್ತದೆ. ಬೆಂಕಿ ಆರಿದ ಮೇಲೆ ಬುಡದಿಂದ ಮೊದಲು ಚಿಗುರುವ ಗಿಡಗಳಲ್ಲಿ ಇದೂ ಒಂದು!

ಇಷ್ಟು ಶ್ರಮಪಟ್ಟು ನೆತ್ತಿಗೆ ಹೋದರೆ ಏನು ಕಾಣುತ್ತದೆ? ಕೆಳಗೆ ಅರಮನೆ, ಲಲಿತಮಹಲು, ಕಾರಂಜಿ ಕೆರೆ. ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಕೃಷ್ಣರಾಜಸಾಗರದ ಬೆಳ್ಳಿಯ ಗೆರೆ. ದಕ್ಷಿಣಕ್ಕೆ ತಿರುಗಿದರೆ, ದಿನ ಒಳ್ಳೆಯದಾಗಿದ್ದರೆ, ಸುಮಾರು 60 ಕಿಲೋಮೀಟರ್ ಆಚೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ ಅದರ ಹಿಂದೆ ನೀಲಗಿರಿಯ ಸಾಲೂ ತೆಳುವಾದ ನೀಲಿಯ ಗೋಡೆಯಂತೆ ಕಾಣುತ್ತವೆ. ನಾವು ಹೋದ ದಿನ ಹಿಂದಿನ ರಾತ್ರಿಯ ಮಳೆಯ ದೆಸೆಯಿಂದ ಆ ನೋಟ ಕಾಲು ಗಂಟೆಯ ಕಾಲ ದೊರೆಯಿತು. ಮತ್ತೆ ಮಾಸಿತು.

ಇದು ದೃಷ್ಟಿಭ್ರಮೆಯಲ್ಲವೆಂಬುದಕ್ಕೆ ಸುಲಭವಾದ ಲೆಕ್ಕವಿದೆ. ನಿಂತ ಎತ್ತರವನ್ನು ಮೀಟರಿನಲ್ಲಿ ಹಿಡಿದು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರವು ಕಿಲೋಮೀಟರಿನಲ್ಲಿ ಬರುತ್ತದೆ. ಬಯಲಿನಿಂದ 300 ಮೀಟರ್ ಮೇಲೆ ನಿಂತವನಿಗೆ ದಿಗಂತವು ಸುಮಾರು 62 ಕಿಲೋಮೀಟರ್ ದೂರ. ನೀಲಗಿರಿಯ ದೊಡ್ಡಬೆಟ್ಟವು 2,637 ಮೀಟರ್ ಎತ್ತರವಾದುದರಿಂದ, ಸುಮಾರು 97 ಕಿಲೋಮೀಟರ್ ದೂರವಿದ್ದರೂ ಭೂಮಿಯ ಬಾಗು ಅದನ್ನು ಮರೆಮಾಡಲಾರದು. ಹಾಗಾದರೆ ವರ್ಷದ ಬಹುದಿನಗಳಲ್ಲಿ ಅದನ್ನು ಮರೆಮಾಡುವುದು ಯಾವುದು? ಗಾಳಿಯಲ್ಲಿ ತೇಲುವ ಧೂಳು, ಹೊಗೆ, ನೀರಿನ ಕಣಗಳು. ಇವು ಬೆಳಕನ್ನು ಚದರಿಸಿ ದೂರದ ಬೆಟ್ಟವನ್ನು ಅಳಿಸಿಬಿಡುತ್ತವೆ. ಮಳೆಯು ಗಾಳಿಯನ್ನು ತೊಳೆದಾಗ ಬೆಟ್ಟವು ಮತ್ತೆ ಮೂಡುತ್ತದೆ. ಹೀಗಿರುವಲ್ಲಿ ನೀಲಗಿರಿ ಕಂಡ ದಿನಗಳನ್ನು ಎಣಿಸಿ ಬರೆದಿಡುವ ಬಾಲಕನೊಬ್ಬನು ಯಾವ ಉಪಕರಣವೂ ಇಲ್ಲದೆ ನಮ್ಮ ಗಾಳಿಯ ಇತಿಹಾಸವನ್ನೇ ಬರೆದಂತಾಗುತ್ತದೆ. ನಮ್ಮ ಶಾಲೆಗಳು ಈ ಕೆಲಸವನ್ನು ಕೈಕೊಂಡರೆ ಎಷ್ಟು ಚೆನ್ನ!

2022ರ ರಾಜ್ಯ ಆಯವ್ಯಯದಲ್ಲಿ ಈ ಬೆಟ್ಟಕ್ಕೆ ರೋಪ್‌ವೇ ಹಾಕುವ ಯೋಜನೆಯನ್ನು ಸಾರಲಾಯಿತು. ನಾಗರಿಕರು ವಿರೋಧಿಸಿದ ಮೇಲೆ ಅದೇ ವರ್ಷ ಅದನ್ನು ಕೈಬಿಡಲಾಯಿತು. ಕೈಬಿಟ್ಟುದು ಯೋಗ್ಯವೆಂದೇ ನಮ್ಮ ಎಣಿಕೆ. ವೃದ್ಧರೂ ಅಶಕ್ತರೂ ಬೆಟ್ಟಕ್ಕೆ ಹೋಗುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಅವರಿಗಾಗಿ ಡಾಂಬರು ರಸ್ತೆಯೂ ಬಸ್ಸೂ ಈಗಾಗಲೇ ಇವೆ. ಸ್ವಂತ ಕಾರುಗಳನ್ನು ಬೆಟ್ಟದ ಬುಡದಲ್ಲಿಯೇ ನಿಲ್ಲಿಸಿ ಬಸ್ಸುಗಳನ್ನು ಹೆಚ್ಚಿಸಿದರೆ ಅವರ ಅನುಕೂಲವೂ ಹೆಚ್ಚುವುದು, ಇಳಿಜಾರಿನ ಮೇಲಣ ಹೊರೆಯೂ ತಗ್ಗುವುದು. ಸಡಿಲವಾದ ಇಳಿಜಾರಿನಲ್ಲಿ ಹೊಸ ಕಂಬಗಳಿಗಾಗಿ ಮತ್ತೆ ನೆಲವನ್ನು ಅಗೆಯುವುದು ಬೇಡ.

ಹಾಗೆಂದು ಕೈಕಟ್ಟಿ ಕೂರುವುದೂ ಸಲ್ಲದು. ಲಂಟಾನವನ್ನು ತೆಗೆಯಲೇಬೇಕು, ಆದರೆ ಕ್ರಮವರಿತು. ಮೇಲಿನ ಕೊಂಬೆಯನ್ನು ಸವರಿದರೆ ಅದು ಇಮ್ಮಡಿಯಾಗಿ ಚಿಗುರುತ್ತದೆ. ಹಣ್ಣು ಬಿಡುವುದಕ್ಕೆ ಮುಂಚೆ, ನೆಲದ ಕೆಳಗೆ ಬೇರಿನ ತಲೆಯಲ್ಲಿಯೇ ಕಡಿಯಬೇಕು. ಇಡಿಯ ಇಳಿಜಾರನ್ನು ಒಮ್ಮೆಗೇ ಬೋಳು ಮಾಡಿದರೆ ಮುಂದಿನ ಮಳೆಯು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಆದುದರಿಂದ ಪಟ್ಟೆ ಪಟ್ಟೆಯಾಗಿ ತೆಗೆದು, ತೆಗೆದೆಡೆಯಲ್ಲಿ ಬೆಟ್ಟದ ಹುಲ್ಲನ್ನೂ ಗಿಡಗಳನ್ನೂ ಬೆಳೆಸಿ, ಎರಡು ಮೂರು ವರ್ಷ ಕಾಯಬೇಕು. ಹಳೆಯ ಕಾಲುದಾರಿಗಳಿಗೆ ಸಿಮೆಂಟು ಬಳಿಯದೆ, ಮಳೆಯ ನೀರು ಪಕ್ಕಕ್ಕೆ ಹರಿಯುವಂತೆ ಅಡ್ಡಗಲ್ಲುಗಳನ್ನಿಟ್ಟರೆ ಸಾಕು. ಇದಕ್ಕೆ ಬೇಕಾದುದು ಹಣಕ್ಕಿಂತ ತಾಳ್ಮೆ.

ನಾವು ಇಳಿದು ಬರುವಾಗ ಆ ವೃದ್ಧೆ ಇನ್ನೂ ನಂದಿಯನ್ನು ಮುಟ್ಟಿರಲಿಲ್ಲ. ಮೆಟ್ಟಿಲಿನಿಂದ ಮೆಟ್ಟಿಲಿಗೆ, ಒಂದನ್ನೂ ಬಿಡದೆ, ಅವರು ಏರುತ್ತಿದ್ದರು. ಬೆಟ್ಟವನ್ನು ಉಳಿಸುವ ಕೆಲಸವೂ ಅದೇ ಬಗೆಯದೆಂದು ನಮಗೆ ತೋರಿತು.