ಹಸಿರೆಲ್ಲವೂ ಕಾಡಲ್ಲ

ಕೊಡಲಿಯ ಸದ್ದು ಕೇಳಿದರೆ ಕಾಡಿಗೆ ಅಪಾಯ ಬಂದಿತೆಂದು ಯಾರಿಗಾದರೂ ತಿಳಿಯುತ್ತದೆ. ಹೂ ಮುಡಿದು ಬರುವ ಅಪಾಯವನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಮಳೆ ಬಿದ್ದ ಮೇಲೆ ಮೈಸೂರಿನಿಂದ ಬಂಡೀಪುರಕ್ಕೆ ಹೋಗಿಬಂದವರು ಅಲ್ಲಿಯ ಹಸಿರನ್ನು ಕೊಂಡಾಡುತ್ತಾರೆ. ಆ ಹಸಿರಿನಲ್ಲಿ ಲಂಟಾನದ ಪಾಲೆಷ್ಟೆಂದು ಕೇಳುವವರು ವಿರಳ.

ಹಳೆಯ ಪೆಟ್ಟುಗಳು ಕಣ್ಣಿಗೆ ಕಾಣುವಂಥವು. ಸಹಜವಾದ ಕಾಡನ್ನು ಕಡಿದು ತೇಗವನ್ನು ಸಾಲಾಗಿ ನೆಟ್ಟದ್ದುಂಟು. ಖೆಡ್ಡಾಕ್ಕೆ ಹೆಸರಾಗಿದ್ದ ಕಾಕನಕೋಟೆಯ ಅರಣ್ಯದ ಭಾಗ, 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಕಂಡ ಕೇಡಿಗೆ ಕೆಲಮಟ್ಟಿಗೆ ತಡೆಯೂ ದೊರೆಯಿತು: 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು, 2009ರಲ್ಲಿ ಅಲ್ಲಿಯ ಹೆದ್ದಾರಿಯ ರಾತ್ರಿ ಸಂಚಾರ ನಿಂತಿತು.

ಲಂಟಾನವಾದರೋ 19ನೆಯ ಶತಮಾನದಲ್ಲಿ ತೋಟದ ಚೆಲುವಿಗೆಂದು ಅಮೆರಿಕ ಖಂಡದಿಂದ ಬಂದ ಅತಿಥಿ. ಹಕ್ಕಿಗಳು ಅದರ ಹಣ್ಣನ್ನು ತಿಂದು ಬೀಜವನ್ನು ಹರಡಿದವು. ಪೊದೆ ದಟ್ಟೈಸಿದೆಡೆ ಹುಲ್ಲು ಏಳದು. ಹುಲ್ಲಿಲ್ಲದೆ ಜಿಂಕೆ, ಕಾಟಿ, ಆನೆಗಳಿಗೆ ಮೇವಿಲ್ಲ. ಬೇಸಗೆಯಲ್ಲಿ ಆ ಒಣಪೊದೆಯೇ ಕಾಳ್ಗಿಚ್ಚಿಗೆ ಉರುವಲು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಉರಿದುದನ್ನು ನಾವು ಮರೆತಿಲ್ಲ. ಈಗ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರವೂ ಬಂಡೀಪುರ, ನಾಗರಹೊಳೆಗಳಲ್ಲಿ ಹಬ್ಬುತ್ತಿದೆ. ಕಡಿದರೆ ಬುಡದಿಂದ ಮತ್ತೆ ಚಿಗುರುವುದು ಅದರ ಗುಣ.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರು ಇನ್ನೊಂದು ಮಾತು ಹೇಳುತ್ತಾರೆ. ಬೇಸಗೆಯ ಮೊದಲಲ್ಲಿ ಹಾಕುತ್ತಿದ್ದ ಸಣ್ಣ ತರಗು ಬೆಂಕಿ ನಿಂತ ಮೇಲೆ ಲಂಟಾನ ಬೆಳೆಯಿತು ಎಂಬುದು ಅವರ ಅನುಭವ. ಇದನ್ನು ಒಪ್ಪುವ ಮುನ್ನ ಪರೀಕ್ಷಿಸಬೇಕಾದೀತು; ಕೇಳದೆ ತಳ್ಳಿಹಾಕುವುದು ಮಾತ್ರ ವಿವೇಕವಲ್ಲ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನಲ್ಲಿ ಲಂಟಾನದ ಕಡ್ಡಿಯಿಂದಲೇ ಪೀಠೋಪಕರಣ ಮಾಡುವ ಕೈಗಳಿವೆ. ಕಾಡನ್ನು ಶುದ್ಧಗೊಳಿಸುವ ಕೆಲಸದಲ್ಲಿ ಇಂಥವರಿಗೆ ಕೂಲಿಯಷ್ಟೇ ಅಲ್ಲ, ಮಾತೂ ಸಲ್ಲಬೇಕು.

ಒಂದು ವರ್ಷ ಕಿತ್ತು ಮರುವರ್ಷ ಮರೆತರೆ ಹಣವೂ ಶ್ರಮವೂ ವ್ಯರ್ಥ. ಬೇರುಸಹಿತ ಕೀಳಬೇಕು, ಸ್ಥಳೀಯ ಹುಲ್ಲು ನೆಲೆಗೊಳ್ಳುವವರೆಗೆ ವರ್ಷವರ್ಷವೂ ಕಾಯಬೇಕು. ನಾವಾದರೋ 1950ರಿಂದ ವನಮಹೋತ್ಸವದ ಸಸಿಗಳನ್ನು ಎಣಿಸುವುದರಲ್ಲೇ ತೃಪ್ತರು.

ಮುಂದಿನ ಸಲ ಉಪಾಧ್ಯಾಯರು ಮಕ್ಕಳನ್ನು ಬಂಡೀಪುರಕ್ಕೆ ಕರೆದೊಯ್ದಾಗ, ಹುಲಿ ಕಂಡಿತೇ ಎಂದು ಕೇಳುವ ಮೊದಲು, ಇಲ್ಲಿ ಜಿಂಕೆ ಏನನ್ನು ತಿನ್ನುತ್ತದೆ ಎಂದು ಕೇಳಲಿ. ಉತ್ತರ ಹುಡುಕುವ ಮಗು ಕಾಡನ್ನು ನೋಡಲು ಕಲಿಯುತ್ತದೆ.